ಬಂಡಿ ತಿರುಗುವಷ್ಟು ಜಾಗ

ಸುರಪುರದ ಹಳೆಯ ಓಣಿಯೊಂದರ ತಿರುವಿನಲ್ಲಿ, ಮನೆಯ ಮೂಲೆಗೆ ಒತ್ತಿಕೊಂಡು ಒಂದು ಕಲ್ಲು ನಿಂತಿದೆ. ಸೊಂಟದೆತ್ತರ, ತಲೆ ಗುಂಡಗೆ. ಗೋಡೆಯ ಕಡೆಗಿರುವ ಅದರ ಮೈ ಇಂದಿಗೂ ಒರಟು. ಓಣಿಯ ಕಡೆಗಿರುವ ಮೈ ಮಾತ್ರ ಒನಕೆಯ ಹಾಗೆ ನುಣುಪು. ನೆಲದಿಂದ ಮೂರು ಗೇಣು ಮೇಲೆ ಅಂಗೈ ಅಗಲದ ಒಂದು ತಗ್ಗು ಬಿದ್ದಿದೆ. ಅಲ್ಲಿ ಕೈಯಿಟ್ಟರೆ ತಾನಾಗಿ ಕೂತುಕೊಳ್ಳುತ್ತದೆ. ಎಷ್ಟೋ ತಲೆಮಾರಿನ ಬಂಡಿಗಳು ಆ ತಿರುವಿನಲ್ಲಿ ಹೊರಳುವಾಗ ಅಚ್ಚಿನ ತುದಿ ಉಜ್ಜಿ ಉಜ್ಜಿ ಮಾಡಿದ ತಗ್ಗು ಅದು. ಕಲ್ಲಿಲ್ಲದಿದ್ದರೆ ಆ ಏಟೆಲ್ಲ ಮಣ್ಣಿನ ಗೋಡೆಗೆ ಬೀಳುತ್ತಿತ್ತು. ಕಲ್ಲಿನಿಂದ ಮೇಲಕ್ಕೆ ನೋಡಿದರೆ ಗೋಡೆಯ ಮೂಲೆಯನ್ನೇ ಕಟ್ಟುವವನು ಒಂದು ಮೊಳದಷ್ಟು ಕತ್ತರಿಸಿ ಓರೆ ಮಾಡಿದ್ದಾನೆ; ತಲೆಯ ಎತ್ತರ ದಾಟಿದ ಮೇಲೆ ಗೋಡೆ ಮತ್ತೆ ಚೂಪು ಮೂಲೆಯಾಗುತ್ತದೆ. ಬಂಡಿಯ ಹೇರಿಗೆ ಬೇಕಾದಷ್ಟು ಜಾಗ ಓಣಿಗೆ ಬಿಟ್ಟ, ಅದರ ಮೇಲಿನದನ್ನು ಮನೆಗೆ ಉಳಿಸಿಕೊಂಡ. ಊರಿಗೆ ಹೋದಾಗಲೆಲ್ಲ ನಾನು ಆ ಮೂಲೆಯಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಬಡಾವಣೆಯ ನಕ್ಷೆ ಓದಬಲ್ಲವರಿಗೆ ಈ ಕಲ್ಲಿನ ಸೊಗಸು ಬೇಗ ತಿಳಿಯುತ್ತದೆ. ಎರಡು ರಸ್ತೆ ಕೂಡುವಲ್ಲಿ ಮೂಲೆಯ ಪ್ಲಾಟನ್ನು ಓರೆಯಾಗಿ ಕತ್ತರಿಸಬೇಕು, ಇಲ್ಲವೇ ದುಂಡಗೆ ಮಾಡಬೇಕು, ಬರುವವನಿಗೆ ಎದುರಿನವನು ಕಾಣುವಂತಿರಬೇಕು ಎಂದು ಇಂದಿನ ನಿಯಮ ಹೇಳುತ್ತದೆ. ಕಾರಣ ಹಳೆಯದೇ. ಮುಂದಿನ ಗಾಲಿ ಹಿಡಿದ ದಾರಿಯನ್ನು ಹಿಂದಿನ ಗಾಲಿ ಹಿಡಿಯುವುದಿಲ್ಲ, ಒಳಗಡೆಗೆ ಸರಿದು ಮೂಲೆಯನ್ನು ಕತ್ತರಿಸಿಕೊಂಡು ಬರುತ್ತದೆ. ಎತ್ತಿನ ಬಂಡಿಯಲ್ಲಿ ಎತ್ತುಗಳು ಆಗಲೇ ತಿರುಗಿರುತ್ತವೆ, ಗಾಲಿ ಇನ್ನೂ ಮೂಲೆಗೆ ಬಂದಿರುವುದಿಲ್ಲ. ಟ್ರ್ಯಾಕ್ಟರ್ ಟ್ರಾಲಿಯೂ ಅಷ್ಟೇ, ನೀರಿನ ಟ್ಯಾಂಕರೂ ಅಷ್ಟೇ. ತಿರುವಿನ ಅಗಲವೆಂದರೆ ಈ ಹಿಂದಿನ ಗಾಲಿಗೆ ಕೊಡುವ ಮರ್ಯಾದೆ.

ನನ್ನ ಸೋದರತ್ತೆಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಓಣಿಯ ಅಳತೆ ಆಕೆಗೆ ಬಾಯಿಪಾಠ. ಒಮ್ಮೆ ಹೊಸ ಮನೆಯ ಜಾಗ ನೋಡಲು ಕರೆದುಕೊಂಡು ಹೋದಾಗ, ಮನೆಯ ಮಾತೆತ್ತದೆ ದಾರಿಯನ್ನೇ ನೋಡುತ್ತ ನಿಂತಳು. "ಹೆಣ ಹೊತ್ತ ನಾಕ್ ಮಂದಿ ಕಾಲು ತೊಡರ್‍ಲಾರ್ದಂಗ ತಿರಗಬೇಕಪಾ. ಬಸುರಿ ಹೆಂಗಸು ಕುಂತ ಬಂಡಿ ಬಾಗಿಲ ತನಕಾ ಬರಬೇಕು. ಅಷ್ಟಿದ್ರ ಅದು ಓಣಿ, ಇಲ್ಲಂದ್ರ ಸಂದಿ." ಸತ್ತವರನ್ನು ಕೂರಿಸಿ ವಿಮಾನ ಕಟ್ಟಿ ಹೊತ್ತೊಯ್ಯುವ ಮನೆತನದವಳು ಆಕೆ. ವಿಮಾನಕ್ಕೆ ಅಗಲವೂ ಬೇಕು, ಎತ್ತರವೂ ಬೇಕು. ಮಾಳಿಗೆಯಿಂದ ಚಾಚಿದ ತೊಲೆಯ ತುದಿಗೆ ಅದು ತಗುಲಬಾರದು. ಹುಟ್ಟುವವರು ಬರುವುದಕ್ಕೂ ಸತ್ತವರು ಹೋಗುವುದಕ್ಕೂ ಒಂದೇ ದಾರಿ ಸಾಲಬೇಕು ಎನ್ನುವುದು ಆಕೆಯ ಲೆಕ್ಕ.

ಮುಂದೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದಾರಿಗಳ ಅಳತೆ ಓದಿದಾಗ ಅತ್ತೆಯ ಮಾತು ನೆನಪಾಗಿ ಪುಸ್ತಕ ಕೆಳಗಿಟ್ಟೆ. ಮನುಷ್ಯರು ಮತ್ತು ಆಡು ಕುರಿಗಳ ದಾರಿಗೆ ಎರಡು ಅರತ್ನಿ. ಅರತ್ನಿ ಅಂದರೆ ಸುಮಾರು ಒಂದು ಮೊಳ, ಹೆಚ್ಚುಕಡಿಮೆ ಒಂದೂವರೆ ಫೂಟು. ಅಲ್ಲಿಗೆ ನಮ್ಮ ಸಂದಿಯ ಅಗಲವಾಯಿತು. ದನಗಳ ದಾರಿಗೆ ನಾಲ್ಕು ಅರತ್ನಿ, ರಥದ ದಾರಿಗೆ ಐದು. ಐದು ಅರತ್ನಿ ಏಳೂವರೆ ಫೂಟು. ಇವತ್ತಿನ ಆಂಬುಲೆನ್ಸ್ ಕನ್ನಡಿ ಮಡಚಿಕೊಂಡು ಹಾಯಬಹುದಾದ ಅಗಲ. ಆನೆಯ ದಾರಿಗೆ ಎರಡು ದಂಡ. ರಾಜಮಾರ್ಗಕ್ಕೆ ಎಂಟು ದಂಡ, ಅಂದರೆ ಸುಮಾರು 48 ಫೂಟು. ಆ ಎಂಟು ದಂಡದ ಪಟ್ಟಿಯಲ್ಲಿಯೇ, ರಾಜಮಾರ್ಗದ ಜೊತೆಗೇ, ಹಳ್ಳಿಗೆ ಹೋಗುವ ದಾರಿಯಿದೆ, ಸ್ಮಶಾನಕ್ಕೆ ಹೋಗುವ ದಾರಿಯೂ ಇದೆ. ದೊರೆಯ ಮೆರವಣಿಗೆಗೆ ಎಷ್ಟು ಅಗಲವೋ ಹೆಣದ ಮೆರವಣಿಗೆಗೂ ಅಷ್ಟೇ. ಕಟ್ಟುನಿಟ್ಟಿನ ಶಾಸ್ತ್ರಕಾರ ಎಂದು ಹೆಸರಾದವನ ಪುಸ್ತಕದಲ್ಲಿ ಈ ಒಂದು ಸಾಲು ನನಗೆ ಬಹಳ ಹಿಡಿಸಿತು.

ಸುರಪುರ ಬಯಲಲ್ಲಿ ಹರಡಿದ ಊರಲ್ಲ. ಸುತ್ತ ಗುಡ್ಡ, ನಡುವೆ ಬಂಡೆ, ಬಂಡೆ ಬಿಟ್ಟಲ್ಲಿ ಮನೆ, ಮನೆ ಬಿಟ್ಟಲ್ಲಿ ಓಣಿ. ನಾಯಕ ದೊರೆಗಳ ಈ ಸೀಮೆಗೆ ದಾರಿ ಎಂದರೆ ಮೊದಲು ರಕ್ಷಣೆ, ಆಮೇಲೆ ಅನುಕೂಲ. ಹತ್ತಿರದ ವಾಗಿನಗೇರಿ ಕೋಟೆಯ ಮುಂದೆ 1705ರಲ್ಲಿ ಔರಂಗಜೇಬನೇ ದಂಡು ತಂದು ಕೂರಬೇಕಾಯಿತು. ಅವನು ತಾನೇ ನಿಂತು ನಡೆಸಿದ ಮುತ್ತಿಗೆಗಳಲ್ಲಿ ಅದೇ ಕೊನೆಯದು. ಇಂಥ ನೆಲದಲ್ಲಿ ಅಗಸಿ ನೇರಕ್ಕಿದ್ದರೆ ನಡೆಯುವುದಿಲ್ಲ. ಯಾದಗಿರಿಯ ಕೋಟೆ ಹತ್ತಿದವರಿಗೆ ಗೊತ್ತು: ಬಾಗಿಲ ಮೇಲೆ ಬಾಗಿಲು, ಒಂದಕ್ಕೂ ಇನ್ನೊಂದಕ್ಕೂ ನಡುವೆ ತಿರುವು, ತಿರುವಿಗೆ ಸರಿಯಾಗಿ ಏರು. ಆನೆಗೆ ಓಡಿ ಬಂದು ಹಣೆ ಕೊಡಲು ಜಾಗ ಸಿಗಬಾರದು, ಕುದುರೆ ನಾಗಾಲೋಟಕ್ಕೆ ಏರಬಾರದು. ಅಲ್ಲಿ ಒಳಬರದಂತೆ ಮಾಡುವುದೇ ನಿಯಮ. ಅದನ್ನು ಪಾಲಿಸಿದ ರೀತಿಯೂ ಕಣ್ಣಿಗೆ ಹಬ್ಬ. ತಿರುವು ಕಳೆದು ಬಾಗಿಲ ನೆರಳಿಗೆ ಬಂದಾಗ ಬೆವರಿದ ಮೈಗೆ ತಂಪು ಗಾಳಿ ಸೋಕುತ್ತದೆ, ತಿರುಗಿ ನೋಡಿದರೆ ಕೆಳಗೆ ಊರೆಲ್ಲ ಹರವಿಕೊಂಡಿರುತ್ತದೆ.

ಆ ಕೋಟೆಯ ಗುಣ ಸುರಪುರದ ಓಣಿಗಳಿಗೂ ಸ್ವಲ್ಪ ಇಳಿದು ಬಂದಿದೆ. ಎಂಟು ಫೂಟಿನ ಓಣಿ, ಎರಡೂ ಕಡೆ ಹನ್ನೆರಡು ಫೂಟಿನ ಕಲ್ಲುಗೋಡೆ. ಚೈತ್ರ ವೈಶಾಖದಲ್ಲಿ ನಮ್ಮ ಕಡೆ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಆಗಲೂ ತೆಂಕಣಕ್ಕೂ ಬಡಗಣಕ್ಕೂ ಹರಿದ ಇಂಥ ಓಣಿಯಲ್ಲಿ ಮಧ್ಯಾಹ್ನ ಒಂದೆರಡು ತಾಸು ಬಿಟ್ಟರೆ ಒಂದಲ್ಲ ಒಂದು ಗೋಡೆ ನೆರಳು ಕೊಡುತ್ತಲೇ ಇರುತ್ತದೆ. ಹೆಂಗಸರು ಬೆಳಿಗ್ಗೆ ಒಂದು ಬದಿಯ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡುತ್ತಾರೆ, ಇಳಿಹೊತ್ತಿಗೆ ಇನ್ನೊಂದು ಬದಿಗೆ ದಾಟುತ್ತಾರೆ. ನಡುವೆ ಹಾಸಿದ ಪರಸಿ ಕಲ್ಲು ತುಸು ಒಳಬಾಗಿ ನೀರನ್ನು ತನ್ನ ಮಧ್ಯದಲ್ಲಿಯೇ ಹರಿಸುತ್ತದೆ. ಮೋಟರ್‌ಸೈಕಲ್ಲಿನ ಹುಡುಗ ಅಲ್ಲಿಗೆ ಬಂದೊಡನೆ ವೇಗ ಇಳಿಸುತ್ತಾನೆ. ಫಲಕ ಯಾವುದೂ ಇಲ್ಲ. ಮುಂದಿನ ತಿರುವಿನಲ್ಲಿ ಯಾರ ಅಜ್ಜಿ ಕೂತಿದ್ದಾಳೋ ಅವನಿಗೆ ಗೊತ್ತಿಲ್ಲ, ಅಷ್ಟೇ. ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್ ಊರಿನವರು ಗಾಡಿಗಳು ನಡಿಗೆಯ ವೇಗದಲ್ಲಿ ಮಾತ್ರ ಬರಬೇಕಾದ ಬೀದಿಗಳನ್ನು ರೂಪಿಸಿದರು. ರಸ್ತೆಯನ್ನು ಸೊಟ್ಟ ಮಾಡಿ, ನಡುನಡುವೆ ಗಿಡ, ಕಟ್ಟೆ ಇಟ್ಟರು. 1976ರಲ್ಲಿ ಆ ದೇಶ ಅದಕ್ಕೆ ಕಾನೂನಿನ ಮಾನ್ಯತೆಯನ್ನೂ ಕೊಟ್ಟಿತು. ಅವರು ಅದನ್ನು ಕರೆಯುವ ಮಾತಿಗೆ ವಾಸದ ಅಂಗಳ ಎಂಬ ಅರ್ಥವಿದೆ. ಅಂಗಳ ಎಂಬ ಮಾತು ನಮ್ಮ ಓಣಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ!

ಆದರೂ ಅತ್ತೆಯ ಲೆಕ್ಕದಲ್ಲಿ ಆ ಓಣಿ ಈಗ ಸೋಲುತ್ತದೆ, ಇದನ್ನು ಮುಚ್ಚಿಡಬಾರದು. ಬಂಡಿಗೆ ಸಾಲುತ್ತಿದ್ದದ್ದು ಬೆಂಕಿ ಆರಿಸುವ ಗಾಡಿಗೆ ಸಾಲದು. ಹಾಗಾಗಿ ಹೊಸ ಬಡಾವಣೆಯ ಅಗಲವನ್ನು ನಾನು ಹಳಿಯಲಾರೆ. ಆ ಅಗಲದಲ್ಲಿಯೂ ಸವಿಯಬೇಕಾದದ್ದು ಬಹಳ ಇದೆ.

1871ರಲ್ಲಿ ಮುಂಬಯಿ ಕಡೆಯ ರೈಲು ಹಳಿ ರಾಯಚೂರಿನಲ್ಲಿ ಮದರಾಸಿನ ಹಳಿಗೆ ಕೂಡಿತು. ಆ ಹಾದಿಯಲ್ಲಿದ್ದ ಯಾದಗಿರಿಗೆ ಗುಡ್ಡದ ಬುಡದ ಹಳೆಯ ಊರಿನ ಜೊತೆಗೆ ಸ್ಟೇಷನ್ ಕಡೆಯ ಇನ್ನೊಂದು ಊರು ಬೆಳೆಯಿತು. 2009ರ ಡಿಸೆಂಬರ್ 30ರಂದು ಯಾದಗಿರಿ ಜಿಲ್ಲೆಯಾದ ಮೇಲೆ ಮೂರನೆಯ ಊರು ಹುಟ್ಟುತ್ತಿದೆ: ಪ್ಲಾಟುಗಳ ಊರು. ಹೊಲ ಎನ್.ಎ., ಅಂದರೆ ಕೃಷಿಯೇತರ ನೆಲ, ಆಗುತ್ತದೆ, ತೊಗರಿ ಕೂಳೆಯ ನಡುವೆ ಬಿಳಿ ಸುಣ್ಣ ಬಳಿದ ಗಡಿಗಲ್ಲುಗಳು ಏಳುತ್ತವೆ. ಶಹಾಪುರ, ಸುರಪುರಗಳ ಅಂಚಿನಲ್ಲಿಯೂ ಇದೇ ನೋಟ. ಕೊಳ್ಳಲು ಬಂದವರು ಕೇಳುವ ಮೊದಲ ಮಾತು, "ರೋಡ್ ಎಷ್ಟ್ ಫೂಟ್ ಅದ ರೀ?" ಎಂಬುದು. 1961ರ ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ವಿನ್ಯಾಸಕ್ಕೆ ಅನುಮೋದನೆ ಬೇಕು. ನಕ್ಷೆಯಲ್ಲಿ ರಸ್ತೆ ಎಂದು ಬರೆದದ್ದು ಆಮೇಲೆ ಊರಿನ ಸೊತ್ತಾಗುತ್ತದೆ. ಹೊಲದ ಮಾಲೀಕ ತನ್ನ ನೆಲದಲ್ಲಿ ಇಷ್ಟಗಲ ಪಟ್ಟಿಯನ್ನು ಇನ್ನೂ ಮುಖ ಕಾಣದ ಮಂದಿಗಾಗಿ ಬಿಟ್ಟುಕೊಡುವ ಆ ಒಂದು ಗೆರೆಯನ್ನು ನೀಲಿ ನಕ್ಷೆಯಲ್ಲಿ ನೋಡುವಾಗ ನನಗೆ ಎದೆ ತುಂಬುತ್ತದೆ.

ಮೂವತ್ತು ಫೂಟು, ಅಂದರೆ 9 ಮೀಟರ್. ಇದರೊಳಗೆ ಏನೇನು ಹಿಡಿಸಬೇಕು ನೋಡಿ. ಎರಡು ಗಾಡಿ ಮೆಲ್ಲಗೆ ಒಂದನ್ನೊಂದು ದಾಟಲು ಐದೂವರೆ ಮೀಟರ್. ಉಳಿದದ್ದು ಮೂರೂವರೆ, ಬದಿಗೆ ಒಂದೂ ಮುಕ್ಕಾಲು. ಅಷ್ಟರಲ್ಲಿ ಗಟಾರು, ವಿದ್ಯುತ್ ಕಂಬ, ನೀರಿನ ಪೈಪು, ಒಂದು ಗಿಡ, ಒಬ್ಬ ನಡೆಯುವವ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಕೇಳುವ ತೆರವಾದ ಕಾಲುದಾರಿಯ ಅಗಲವೇ 1.8 ಮೀಟರ್, ಮೂವತ್ತು ಫೂಟಿನಲ್ಲಿ ಅದು ಸಿಗುವುದಿಲ್ಲ, ಆದ್ದರಿಂದ ನಡೆಯುವವನು ಗಾಡಿಯ ಜಾಗದಲ್ಲಿಯೇ ಪಾಲು ಕೇಳುತ್ತಾನೆ. ಇನ್ನು ರಸ್ತೆಯ ಬೆನ್ನು. ಕಾಂಕ್ರೀಟ್ ರಸ್ತೆ ನಡುವಿನಿಂದ ಅಂಚಿಗೆ ನೂರಕ್ಕೆ ಸುಮಾರು ಎರಡರಷ್ಟು ಇಳಿಯಬೇಕು. ಐದೂವರೆ ಮೀಟರಿನ ಅರ್ಧ ಎರಡೂ ಮುಕ್ಕಾಲು. ಅಷ್ಟರಲ್ಲಿ ಇಳಿಯುವುದು ಐದೂವರೆ ಸೆಂಟಿಮೀಟರ್, ಮೂರು ಬೆರಳು. ಒಳ್ಳೆಯ ಮೇಸ್ತ್ರಿ ಹಾಕಿದ ಸಿಸಿ ರಸ್ತೆಯ ಮೇಲೆ ಮುಂಗಾರಿನ ಮೊದಲ ಮಳೆ ಬಿದ್ದಾಗ ನಿಂತು ನೋಡಬೇಕು. ನೀರು ನಡುವೆ ನಿಲ್ಲುವುದಿಲ್ಲ, ಎರಡು ಕಡೆ ತೆಳ್ಳನೆಯ ಜರಿಯಂಚಿನಂತೆ ಸರಿದು ಗಟಾರಿಗೆ ಇಳಿಯುತ್ತದೆ. ಮೂರು ಬೆರಳು ತಪ್ಪಿದ ರಸ್ತೆಯಲ್ಲಿ ಅದೇ ನೀರು ಯಾರದೋ ಮನೆಯ ಹೊಸ್ತಿಲು ಹುಡುಕುತ್ತದೆ.

ಭಾರತೀಯ ಮಾನಕ ಬ್ಯೂರೋ ಹೊರತಂದ ರಾಷ್ಟ್ರೀಯ ಕಟ್ಟಡ ಸಂಹಿತೆ ದಪ್ಪನೆಯ ಪುಸ್ತಕ. 1970ರಲ್ಲಿ ಮೊದಲು ಬಂದದ್ದು, 2016ರಲ್ಲಿ ಮತ್ತೆ ಪರಿಷ್ಕಾರಗೊಂಡಿತು. ರಸ ಹುಡುಕುವವರು ತೆರೆಯುವ ಪುಸ್ತಕ ಅದಲ್ಲ. ಆದರೆ ಮನೆಗಳಿಗೆ ದಾರಿ ಕೊಡುವ ಅಧ್ಯಾಯದಲ್ಲಿ ಒಂದು ಸಣ್ಣ ಪಟ್ಟಿಯಿದೆ. ದಾರಿ 75 ಮೀಟರ್ ಉದ್ದವಿದ್ದರೆ ಅಗಲ 6 ಮೀಟರ್ ಸಾಕು. 150 ಮೀಟರ್ ಇದ್ದರೆ ಏಳೂವರೆ, 250ಕ್ಕೆ 9, 400ಕ್ಕೆ 12, ಸಾವಿರ ಮೀಟರಿಗೆ 18, ಅದನ್ನೂ ಮೀರಿದರೆ 24. ಈ ಅಂಕಿಗಳನ್ನು ಮೇಲಿಂದ ಕೆಳಗೆ ಓದುತ್ತಾ ಹೋದಾಗ ನನಗೆ ನಮ್ಮ ನೀರಿನ ದಾರಿಗಳು ಕಾಣಿಸಿದವು. ಹೊಲದ ಬದುವಿನ ಕಾಲುವೆ ಹಳ್ಳಕ್ಕೆ, ಹಳ್ಳ ಭೀಮೆಗೆ, ಭೀಮೆ ನಮ್ಮ ಜಿಲ್ಲೆಯ ಗಡಿಯಲ್ಲಿ ಕೃಷ್ಣೆಗೆ. ಉದ್ದ ಹೆಚ್ಚಿದಷ್ಟೂ ಮನೆಗಳು ಹೆಚ್ಚು, ಮನೆಗಳು ಹೆಚ್ಚಿದಷ್ಟೂ ಹರಿವು ಹೆಚ್ಚು, ಹರಿವು ಹೆಚ್ಚಿದಷ್ಟೂ ಪಾತ್ರ ಅಗಲ.

ಅದೇ ಅಧ್ಯಾಯದಲ್ಲಿ ಮುಂದಕ್ಕೆ ದಾರಿಯಿಲ್ಲದ ಕುರುಡು ರಸ್ತೆಗಳ ಮಾತು ಬರುತ್ತದೆ. ಅವು ನೇರ ರಸ್ತೆಯಾಗಿರಬೇಕು. 150 ಮೀಟರಿನಲ್ಲಿ ಗಾಡಿ ತಿರುಗಲು ಜಾಗ ಬಿಟ್ಟರೆ 275 ಮೀಟರಿನ ತನಕ ಹೋಗಬಹುದು. ಆ ಜಾಗ 81 ಚದರ ಮೀಟರಿಗೆ ಕಡಿಮೆ ಇರಬಾರದು, ಯಾವ ಬದಿಯೂ 9 ಮೀಟರಿಗಿಂತ ಚಿಕ್ಕದಿರಬಾರದು. ಇನ್ನೊಂದು ಷರತ್ತು ಇದೆ, ನಾನು ಅದಕ್ಕೆ ಮಾರುಹೋಗಿದ್ದೇನೆ: ಕುರುಡು ರಸ್ತೆಯ ಕೊನೆ ಅದರ ಆರಂಭಕ್ಕಿಂತ ಎತ್ತರದಲ್ಲಿರಬೇಕು. ಯಾಕೆ? ಮುಂದೆ ದಾರಿಯಿಲ್ಲದ ಕಡೆ ಮಳೆಯ ನೀರು ಸಿಕ್ಕಿಕೊಂಡರೆ ಕೊನೆಯ ಮನೆಯವರ ಗತಿ ಏನು? ಆದ್ದರಿಂದ ಕೊನೆಯ ಮನೆಯವರನ್ನು ಮೇಲೆ ಕೂರಿಸಬೇಕು. ಕಾನೂನಿನ ಒಣ ಭಾಷೆಯಲ್ಲಿ ಯಾರೋ ಒಬ್ಬ ಎಂಜಿನಿಯರ್ ಕೊನೆಯ ಮನೆಯ ಪಡಸಾಲೆಯಲ್ಲಿ ಕೂತು ಮಳೆ ನೋಡಿದಂತಿದೆ. ದಾರಿಗೆ ಹಾಸು, ಗಟಾರು, ದೀಪ, ನೀರಿನ ಪೈಪು ಇರಬೇಕು ಎಂದು ಪಟ್ಟಿ ಮಾಡುತ್ತ ಬಂದು, ಅದೇ ಉಸಿರಿನಲ್ಲಿ ನೆರಳಿಗೆ ಮರಗಳೂ ಇರಬೇಕು ಎಂದು ಸಂಹಿತೆ ಸೇರಿಸುತ್ತದೆ. ಅಂದಕ್ಕೆ ಎಂದು ಬರೆದಿಲ್ಲ, ನೆರಳಿಗೆ ಎಂದು ಬರೆದಿದೆ. ಯಾದಗಿರಿಯ ಬಿಸಿಲು ಕಂಡವರಿಗೆ ಆ ಪದದ ತೂಕ ಗೊತ್ತು.

ಆ 81 ಚದರ ಮೀಟರಿನ ಬೆಲೆ ನಾನು ಒಂದು ರಾತ್ರಿ ತಿಳಿದೆ. ಹತ್ತಿರದ ಬಂಧುವೊಬ್ಬರಿಗೆ ಎದೆನೋವು ಬಂದಿತ್ತು. ಅವರ ಮನೆ ಬಡಾವಣೆಯೊಂದರ ಕುರುಡು ರಸ್ತೆಯ ತುದಿಯಲ್ಲಿ. ನಕ್ಷೆಯಲ್ಲಿ ತುದಿಗೆ ಚೌಕನೆಯ ಜಾಗವಿತ್ತು. ನೆಲದ ಮೇಲೆ ಅಲ್ಲಿ ಮರಳಿನ ಗುಡ್ಡೆ, ಜಲ್ಲಿ, ತಗಡಿನ ಶೆಡ್ಡು. ರಸ್ತೆಯನ್ನೂ ಮನೆಮನೆಯ ಮೆಟ್ಟಿಲು, ಕಾರು ಹತ್ತಿಸುವ ಇಳಿಜಾರು ನುಂಗಿ ಹದಿನೆಂಟು ಫೂಟಿಗೆ ತಂದಿದ್ದವು. ಆಂಬುಲೆನ್ಸ್ ಬಂತು, ರೋಗಿಯನ್ನು ಹತ್ತಿಸಿಕೊಂಡಿತು, ತಿರುಗಲಾಗಲಿಲ್ಲ. ಚಾಲಕ ಬಾಗಿಲು ತೆರೆದು ಹೊರಗೆ ಬಾಗಿ ಹಿಂದಕ್ಕೆ ನಡೆಸತೊಡಗಿದ. ನಾವು ನಾಲ್ಕೈದು ಜನ ಮೊಬೈಲ್ ಬೆಳಕು ಹಿಡಿದು "ಬರ್ರಿ, ಬರ್ರಿ, ಸಾವಕಾಶ, ಎಡಕ್ಕ" ಎನ್ನುತ್ತಾ ಹಿಂದೆ ಹಿಂದೆ ನಡೆದೆವು. ಗಟಾರಿನ ಅಂಚಿಗೆ ಗಾಲಿ ಬಂದಾಗಲೆಲ್ಲ ಎಲ್ಲರ ಉಸಿರು ನಿಲ್ಲುತ್ತಿತ್ತು. ಬಂಧು ಬದುಕಿದರು. ಅಂದು ನನಗೆ ಸುರಪುರದ ಮೂಲೆಗಲ್ಲು ಕಣ್ಣಿಗೆ ಕಟ್ಟಿತು. ಮನೆಯ ಯಜಮಾನನೊಬ್ಬ ತನ್ನ ಗೋಡೆಯನ್ನೇ ಒಂದು ಮೊಳ ಕತ್ತರಿಸಿ ಕೊಟ್ಟಿದ್ದ; ಇಲ್ಲಿ ಊರು ಬಿಟ್ಟ ಜಾಗವನ್ನು ಹತ್ತು ಮನೆಯವರು ಮೆಟ್ಟಿಲು ಮೆಟ್ಟಿಲಾಗಿ ತಿಂದಿದ್ದೆವು. ತಿಂದಿದ್ದೆವು ಎಂದೇ ಬರೆಯುತ್ತೇನೆ, ಯಾಕೆಂದರೆ ನಮ್ಮ ಮನೆಯ ಮೆಟ್ಟಿಲೂ ಎರಡು ಫೂಟು ಹೊರಗೇ ಇತ್ತು. ಈಗ ಇಲ್ಲ.

ಅಳತೆ ಸರಿಯಾಗಿ ನಿಂತ ಜಾಗ ನೋಡಬೇಕೆಂದರೆ ನಾನು ಶಹಾಪುರದ ಪಕ್ಕದ ಭೀಮರಾಯನಗುಡಿಗೆ ಹೋಗುತ್ತೇನೆ. ಜನರ ಬಾಯಲ್ಲಿ ಅದು ಬಿ. ಗುಡಿ, ಇಲ್ಲವೇ ಕ್ಯಾಂಪ್. 1964ರಲ್ಲಿ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟ ಕೃಷ್ಣಾ ಮೇಲ್ದಂಡೆ ಯೋಜನೆಯ ನೀರು ನಾರಾಯಣಪುರದ ಅಣೆಕಟ್ಟಿನಿಂದ ಈ ಕಡೆಯ ಹೊಲಗಳಿಗೆ ಬರುವಾಗ, ಕಾಲುವೆ ತೋಡುವವರಿಗೂ ನೋಡಿಕೊಳ್ಳುವವರಿಗೂ ಕಟ್ಟಿದ ಊರು ಅದು. ಕಾಲುವೆ ಕಟ್ಟುವವರ ಊರಲ್ಲಿ ಇಳಿಜಾರು ತಪ್ಪುವುದುಂಟೆ? ಕ್ವಾರ್ಟರ್ಸಿನ ಸಾಲು, ಸಾಲಿಗೆ ರಸ್ತೆ, ರಸ್ತೆಗೆ ಬೇವು. ಸಂಜೆ ಐದರ ಬಿಸಿಲು ಓರೆಯಾಗಿ ಬಿದ್ದಾಗ ಬೇವಿನ ನೆರಳು ರಸ್ತೆಯನ್ನು ಅಡ್ಡಡ್ಡಕ್ಕೆ ಪಟ್ಟಿ ಪಟ್ಟಿ ಮಾಡುತ್ತದೆ. ಸೈಕಲ್ಲಿನಲ್ಲಿ ಹೋದರೆ ಮುಖದ ಮೇಲೆ ಬಿಸಿಲು ತಂಪು ಬಿಸಿಲು ತಂಪು ಎಂದು ಬಡಿಯುತ್ತದೆ. ಹೂ ಬಿಡುವ ಕಾಲಕ್ಕೆ ಗಟಾರಿನ ಅಂಚೆಲ್ಲ ಬೇವಿನ ಹೂವಿನ ಬಿಳಿ ಪುಡಿ. ಮನೆಗಳು ಸಾಮಾನ್ಯ, ಕೆಲವಕ್ಕೆ ಬಣ್ಣ ಹಾರಿದೆ. ಆದರೆ ರಸ್ತೆ ಮತ್ತು ಮನೆಯ ನಡುವಿನ ಆ ಬಿಡುವು ಮನಸ್ಸಿಗೆ ಹಿತ. ಗೇಟಿನಿಂದ ಹೊರಟ ಮಗು ನಾಲ್ಕು ಹೆಜ್ಜೆ ಮಣ್ಣಿನ ಮೇಲೆ ಇಟ್ಟ ನಂತರವೇ ಗಾಡಿಯ ದಾರಿಗೆ ಬರುತ್ತದೆ. ಆ ನಾಲ್ಕು ಹೆಜ್ಜೆಯಲ್ಲಿ ತಾಯಿ ಕೂಗಬಹುದು, ಚಾಲಕ ಕಾಣಬಹುದು.

ಶಹಾಪುರಕ್ಕೆ ಇನ್ನೊಂದು ಭಾಗ್ಯವಿದೆ. ಅಲ್ಲಿಯ ಗುಡ್ಡದ ಸಾಲು ಒಂದು ಕಡೆಯಿಂದ ನೋಡಿದರೆ ಮಲಗಿದ ಬುದ್ಧ: ಹಣೆ, ಮೂಗು, ತುಟಿ, ಎದೆ, ಎಲ್ಲ ತಿಳಿಯಾಗಿ. ಹೊಸ ರಸ್ತೆಗಳಲ್ಲಿ ಕೆಲವು ಆ ಕಡೆಗೇ ಮುಖ ಮಾಡಿವೆ. ಮುಂಜಾನೆ ರಸ್ತೆಯ ತುದಿಯಲ್ಲಿ, ಎರಡು ಸಾಲು ಕಂಬಗಳ ನಡುವೆ, ಆ ಶಾಂತ ಮುಖ ಆಕಾಶಕ್ಕೆ ಒರಗಿರುತ್ತದೆ. ಯಾವ ಸಂಹಿತೆಯಲ್ಲಿಯೂ ಇದಕ್ಕೆ ಅಂಕಿಯಿಲ್ಲ. ಮೂವತ್ತು ಫೂಟು ತೆರವಾಗಿ ಉಳಿದರೆ ಕಾಣುತ್ತದೆ, ಮೆಟ್ಟಿಲೂ ಶೆಡ್ಡೂ ಮುಂದೆ ಬಂದರೆ ಮೊದಲು ಮರೆಯಾಗುವುದು ಆ ಮುಖವೇ.

ಹೋದ ಶ್ರಾವಣದಲ್ಲಿ ಯಾದಗಿರಿಯ ಹೊರಗೆ ಇನ್ನೂ ಮನೆ ಏಳದ ಒಂದು ಬಡಾವಣೆಯಲ್ಲಿ ನಡೆಯುತ್ತಿದ್ದೆ. ಸಿಸಿ ರಸ್ತೆ ಆಗಷ್ಟೇ ಆಗಿತ್ತು, ಗೋಣಿಚೀಲ ಹಾಸಿ ನೀರು ಬಿಟ್ಟಿದ್ದರು. ಕುರಿ ಹಿಂಡೊಂದು ತನ್ನ ಹಳೆಯ ದಾರಿ ನೆನೆದು ಪ್ಲಾಟಿನಿಂದ ಪ್ಲಾಟಿಗೆ ಓರೆಯಾಗಿ ದಾಟುತ್ತಿತ್ತು. ಮೂಲೆಯ ಪ್ಲಾಟಿನ ಮುಂದೆ ವಯಸ್ಸಾದ ರೈತರೊಬ್ಬರು, ಆ ಹೊಲ ಮೊದಲು ಅವರದೇ ಇತ್ತಂತೆ, ಬೇವಿನ ಸಸಿಗೆ ಕುಣಿ ತೋಡುತ್ತಿದ್ದರು. ಅರ್ಧ ತೋಡಿದವರು ಎದ್ದು ನಿಂತು ಎರಡೂ ರಸ್ತೆ ನೋಡಿದರು. ತಿರುವಿನ ಕಡೆಗೆ ಹೋಗಿ, ಅಲ್ಲಿಂದ ಸಸಿಯ ತನಕ ಗುದ್ದಲಿಯ ಕಾವಿನಿಂದ ಅಳೆದರು. ಆಮೇಲೆ ಕುಣಿಯನ್ನು ಮುಚ್ಚಿ ಎರಡು ಮೊಳ ಹಿಂದಕ್ಕೆ ಇನ್ನೊಂದು ತೋಡಲು ಶುರು ಮಾಡಿದರು.

"ಯಾಕ್ರಿ ಯಜಮಾನ್ರ, ಅಲ್ಲೇ ಛಲೋ ಇತ್ತಲ್ಲ?" ಎಂದೆ.

ತಲೆ ಎತ್ತದೆ ಹೇಳಿದರು: "ಅಲ್ಲಿದ್ರ ಬಂಡಿ ತಿರಗಂಗಿಲ್ಲ ನೋಡ್ರಿ."